'ಇಂಗ್' ಪ್ರತ್ಯಯದ ಪೂರ್ವಚರಿತ್ರೆ

ಕನ್ನಡದಲ್ಲಿ 'ಹಾಡುವ ಹಕ್ಕಿ', 'ಹಾಡುತ್ತ ಬಂದನು', 'ಹಾಡುವುದು ಸುಲಭವಲ್ಲ' ಎಂಬ ಮೂರು ಪ್ರಯೋಗಗಳಿಗೆ ಮೂರು ಬೇರೆ ರೂಪಗಳಿವೆ. ಮೊದಲನೆಯದು ವಿಶೇಷಣ, ಎರಡನೆಯದು ಅವ್ಯಯ, ಮೂರನೆಯದು ಭಾವನಾಮ. ಇವನ್ನು ಗುರುತಿಸಲು ವೈಯಾಕರಣನ ನೆರವು ಬೇಡ, ಕಿವಿಯೇ ಸಾಕು. ಇಂಗ್ಲಿಷಿನಲ್ಲಾದರೋ ಈ ಮೂರು ಭಾರಗಳನ್ನೂ 'ಸಿಂಗಿಂಗ್' ಎಂಬ ಒಂದೇ ಪದವು ಹೊತ್ತಿದೆ. ಆದುದರಿಂದಲೇ ಇದು ಪಾರ್ಟಿಸಿಪಲೋ, ಜೆರಂಡೋ, ಬರಿಯ ಗುಣವಾಚಕವೋ ಎಂಬ ಪ್ರಶ್ನೆಯು ವಿದ್ಯಾರ್ಥಿಗಳನ್ನು ತಲೆತಲಾಂತರದಿಂದ ಕಾಡುತ್ತ ಬಂದಿರುವುದು. ಆದರೆ ಈ ತೊಡಕು ಆ ಭಾಷೆಗೆ ಹುಟ್ಟಿನೊಡನೆ ಬಂದುದಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಪ್ರಾಚೀನ ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ಲಿಗೆ 'ಎಂಡೆ' ಎಂಬ ಪ್ರತ್ಯಯವಿದ್ದಿತು; ಭಾವನಾಮಕ್ಕೆ 'ಉಂಗ್' ಅಥವಾ 'ಇಂಗ್' ಇದ್ದಿತು. 'ಲೆಯೊರ್ನಿಯೆಂಡೆ' ಎಂದರೆ ಕಲಿಯುವ. 'ಲೆಯೊರ್ನುಂಗ್' ಎಂದರೆ ಕಲಿಕೆ. ಸೋದರಭಾಷೆಯಾದ ಜರ್ಮನ್ ಈ ಭೇದವನ್ನು ಇಂದಿಗೂ ಕಾಪಾಡಿಕೊಂಡಿದೆ. ಇಂಗ್ಲಿಷಿಗೆ ಮಾತ್ರ ಆ ಭಾಗ್ಯವಿಲ್ಲದೆ ಹೋಯಿತು. ನಾರ್ಮನ್ನರ ತರುವಾಯದ ಶತಮಾನಗಳಲ್ಲಿ ಪಾರ್ಟಿಸಿಪಲ್ಲಿನ ಪ್ರತ್ಯಯವು ಉತ್ತರದಲ್ಲಿ 'ಆಂಡ್', ನಡುನಾಡಿನಲ್ಲಿ 'ಎಂಡ್', ದಕ್ಷಿಣದಲ್ಲಿ 'ಇಂಡ್' ಎಂದು ಒಡೆಯಿತು. ಪದಾಂತದ ಸ್ವರಗಳು ಬಲಗುಂದುತ್ತಿದ್ದ ಆ ಕಾಲದಲ್ಲಿ 'ಇಂಡ್' ಮತ್ತು 'ಇಂಗ್' ಉಚ್ಚಾರಣೆಯಲ್ಲಿ ನೆರೆಹೊರೆಯಾದುವು; ದಕ್ಷಿಣದಿಂದ ಹೊರಟ 'ಇಂಗ್' ಪಾರ್ಟಿಸಿಪಲ್ಲಿನ ಸ್ಥಾನವನ್ನೂ ಆಕ್ರಮಿಸಿತು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಭಾಷೆಯಲ್ಲಿ 'ಇಂಗ್' ಪ್ರತ್ಯಯವೇ ವಾಡಿಕೆಯದು. ಸ್ಕಾಟ್ಲೆಂಡಿನ ಬರೆಹಗಾರರು ಹಳೆಯ ಭೇದವನ್ನು ಇನ್ನೂ ಕೆಲಕಾಲ ಬಿಡದೆ ನಡೆಸಿದರು.

ರೂಪಗಳು ಕೂಡಿಹೋದ ಮೇಲೆ ಗುಣಗಳೂ ಬೆರೆತುವು. ಬರಿಯ ನಾಮಪದವಾಗಿದ್ದ 'ಇಂಗ್' ರೂಪವು ಕ್ರಿಯಾಪದದಂತೆ ಕರ್ಮವನ್ನು ನೇರವಾಗಿ ತೆಗೆದುಕೊಳ್ಳತೊಡಗಿತು. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತನು 1762ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಇದಕ್ಕೊಂದು ಕಟ್ಟುಪಾಡು ಮಾಡಿದನು: ಹಿಂದೆ 'ದಿ' ಇದ್ದರೆ ಮುಂದೆ 'ಆಫ್' ಇರಲೇಬೇಕು, ಒಂದನ್ನು ಬಿಟ್ಟರೆ ಮತ್ತೊಂದನ್ನೂ ಬಿಡಬೇಕು. ನಾಮಪದವಾದರೆ ಪೂರ್ತಿ ನಾಮಪದ, ಕ್ರಿಯೆಯಾದರೆ ಪೂರ್ತಿ ಕ್ರಿಯೆ, ನಡುವಣ ಬೆರಕೆ ಸಲ್ಲದು. ನಾಡಿನ ಉತ್ತಮ ಲೇಖಕರು ಬೆರಕೆಯನ್ನೇ ಬರೆದಿದ್ದರೆಂಬುದು ಅವನಿಗೆ ಅಡ್ಡಿಯಾಗಲಿಲ್ಲ! 1795ರಲ್ಲಿ ಲಿಂಡ್ಲಿ ಮರ್ರೆಯು ಈ ವಿಧಿಯನ್ನು ತನ್ನ ವ್ಯಾಕರಣದಲ್ಲಿ ಸೇರಿಸಿಕೊಂಡನು. ಆ ಪುಸ್ತಕದ ಮೂಲಕ ಅದು ಪಾಠಶಾಲೆಗಳಿಗೆ ಹರಡಿತು.

ಪಾರ್ಟಿಸಿಪಲ್, ಜೆರಂಡ್ ಎಂಬ ಹೆಸರುಗಳೂ ಲ್ಯಾಟಿನ್ನಿನ ಎರವಲುಗಳೇ. ಅಲ್ಲಿ ಈ ಎರಡಕ್ಕೂ ಬೇರೆ ಬೇರೆ ರೂಪಗಳಿದ್ದುದರಿಂದ ಹೆಸರುಗಳು ಸಾರ್ಥಕವಾಗಿದ್ದುವು. ಒಂದೇ ರೂಪವುಳ್ಳ ಭಾಷೆಗೆ ಎರಡು ಹೆಸರಿನ ಅಂಗಿ ತೊಡಿಸಿದಾಗ ಜಗಳ ಹುಟ್ಟುವುದು ಸಹಜ. 'ಹಿಸ್ ಸಿಂಗಿಂಗ್' ಎನ್ನುವ ಕಡೆ 'ಹಿಮ್ ಸಿಂಗಿಂಗ್' ಎಂದು ಬರೆಯುವುದನ್ನು ಫೌಲರನು 1926ರ ತನ್ನ ಪ್ರಸಿದ್ಧ ಪ್ರಯೋಗಕೋಶದಲ್ಲಿ ಕಟುವಾಗಿ ಖಂಡಿಸಿದನು. ಡೆನ್ಮಾರ್ಕಿನ ಯೆಸ್ಪರ್ಸನ್ ಪಂಡಿತನು ಹಳೆಯ ಲೇಖಕರಿಂದ ಉದಾಹರಣೆಗಳನ್ನು ತೆಗೆದು ಅದನ್ನು ಸಮರ್ಥಿಸಿದನು. ಪ್ರಯೋಗವೇ ಪ್ರಮಾಣವೆನ್ನುವವರಿಗೆ ಯೆಸ್ಪರ್ಸನನ ಪಕ್ಷವೇ ಬಲವಾಗಿ ಕಾಣುವುದು.

ಗುಣವಾಚಕದ ಪರೀಕ್ಷೆ ಇದಕ್ಕಿಂತ ಸುಲಭ. 'ಇಂಟರೆಸ್ಟಿಂಗ್' ಎಂಬುದರ ಹಿಂದೆ 'ವೆರಿ' ನಿಲ್ಲುತ್ತದೆ. 'ಸ್ಲೀಪಿಂಗ್' ಎಂಬುದರ ಹಿಂದೆ ನಿಲ್ಲದು. 'ಸ್ಲೀಪಿಂಗ್ ಚೈಲ್ಡ್' ಎಂದರೆ ಮಲಗಿರುವ ಮಗು. ಆದರೆ 'ವಾಕಿಂಗ್ ಸ್ಟಿಕ್' ನಡೆಯುವ ಕೋಲಲ್ಲ, ನಡಿಗೆಗೆ ಒದಗುವ ಊರುಗೋಲು. ಇಲ್ಲಿರುವುದು ಜೆರಂಡು, ಉಚ್ಚಾರಣೆಯ ಒತ್ತೂ ಮೊದಲ ಪದದ ಮೇಲೆಯೇ.

2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಅವರು ಸಂಪಾದಿಸಿದ ಕೇಂಬ್ರಿಜ್ ವ್ಯಾಕರಣವು ಜೆರಂಡಿಗೂ ಪಾರ್ಟಿಸಿಪಲ್ಲಿಗೂ ಇದ್ದ ಗೋಡೆಯನ್ನು ಕೆಡವಿ 'ಜೆರಂಡ್-ಪಾರ್ಟಿಸಿಪಲ್' ಎಂಬ ಒಂದೇ ಜೋಡು ಹೆಸರನ್ನು ಇಟ್ಟಿತು. 'ವೆರಿ' ಎಂಬುದನ್ನು ಸಹಿಸುವ ಗುಣವಾಚಕಗಳನ್ನೂ 'ಆಫ್' ಬೇಡುವ ನಾಮಪದಗಳನ್ನೂ ಮಾತ್ರ ಪ್ರತ್ಯೇಕವಾಗಿ ಉಳಿಸಿತು.