ಮೈಕೋ ಮಾವ, ಹಳೇ ಟಾಟಾ ಪಿಕಪ್ಪು ಮತ್ತು ಹಿಮಾಲಯದ ರ‍್ಯಾಲಿ

ಮೊನ್ನೆ ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ತಿರ ಗಾಡಿ ನಿಲ್ಲಿಸೋಕೆ ಜಾಗ ಹುಡುಕುತ್ತಾ ಮೂರು ಸುತ್ತು ಹೊಡೆದೆ. ಸಿಗಬೇಕಾಗಿದ್ದ ಜಾಗವನ್ನೆಲ್ಲಾ ಒಂದೇ ಗಾಡಿ ಆಕ್ರಮಿಸಿತ್ತು! ಟೊಯೊಟಾ ಹೈಲಕ್ಸ್. ಹಿಂದಿನ ತೊಟ್ಟಿಯ ಮೇಲೆ ಮಡಚಿಟ್ಟ ಟೆಂಟು, ಪಕ್ಕದಲ್ಲಿ ಜೆರ‍್ರಿಕ್ಯಾನು, ಬಾನೆಟ್ಟಿನ ಬದಿಯಿಂದ ಆನೆ ಸೊಂಡಿಲಿನ ಹಾಗೆ ಮೇಲಕ್ಕೆದ್ದ ಸ್ನಾರ್ಕೆಲ್ಲು. ಟೈರಿನಲ್ಲಿ ಮಾತ್ರ ಒಂದು ಚೂರೂ ಮಣ್ಣಿರಲಿಲ್ಲ. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ, ನನಗೆ ಥಟ್ಟನೆ ನೆನಪಾಗಿದ್ದು 2004ರಲ್ಲಿ ನಾವು ಕಟ್ಟಿದ ಪಿಕಪ್ಪು, ಮತ್ತು ನಮ್ಮ ಮಾವ.

ಮಾವ ಅಂದರೆ ಅಮ್ಮನ ಅಣ್ಣ. 1966ರಲ್ಲಿ ಆಡುಗೋಡಿಯ ಮೈಕೋಗೆ ಅಪ್ರೆಂಟಿಸ್ ಆಗಿ ಸೇರಿ, ಡೀಸೆಲ್ ಪಂಪ್ ವಿಭಾಗದಲ್ಲೇ ಸರ್ವೀಸ್ ಮುಗಿಸಿದವರು. ಮೈಕೋ ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಶುರುವಾಗಿದ್ದು 1951ರಲ್ಲಿ. ಬಿಟಿಎಂನಲ್ಲಿ ಇವತ್ತಿಗೂ ಮೈಕೋ ಲೇಔಟ್ ಅಂತ ಇದೆಯಲ್ಲ, ಆ ಹೆಸರು ಬಂದಿದ್ದು ಈ ಕಂಪನಿಯಿಂದಲೇ. ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಹೋಗುತ್ತಿದ್ದ ಫ್ಯುಯೆಲ್ ಇಂಜೆಕ್ಷನ್ ಪಂಪುಗಳಲ್ಲಿ ದೊಡ್ಡ ಪಾಲು ತಯಾರಾಗುತ್ತಿದ್ದುದು ನಮ್ಮ ಈ ದಕ್ಷಿಣ ಬೆಂಗಳೂರಿನಲ್ಲಿ. ಬೆಂಗಳೂರು ಅಂದರೆ ಸಾಫ್ಟ್‌ವೇರ್ ಅಂದುಕೊಂಡವರಿಗೆ ಇದನ್ನು ಹೇಳಿದರೆ ನಗುತ್ತಾರೆ, ಇರಲಿ.

ಈಗ ಪಿಕಪ್ಪಿನ ಕಥೆ. ಜೆ.ಪಿ. ನಗರದ ನನ್ನ ಗೆಳೆಯನೊಬ್ಬನ ಅಪ್ಪನಿಗೆ ಸಾರಕ್ಕಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಅಂಗಡಿಗೆ ಸಿಮೆಂಟು, ಪೈಪು ಹೊರುತ್ತಿದ್ದದ್ದು ಒಂದು ಹಳೇ ಟಾಟಾ ಪಿಕಪ್. ಟಾಟಾದವರು 1988ರಲ್ಲಿ ಟಾಟಾ ಮೊಬೈಲ್ ಅಂತ ಬಿಟ್ಟರಲ್ಲ, ಆ ವಂಶದ್ದು. 1991ರಲ್ಲಿ ಬಂದ ಸಿಯೆರಾ ಕಾರು ಕೂಡ ಇದೇ ಪಿಕಪ್ಪಿನ ಚಾಸಿಯ ಮೇಲೆ ಹುಟ್ಟಿದ್ದು. ಅಂದರೆ ಒಳ್ಳೆ ಮನೆತನದ ಗಾಡಿಯೇ! ಆದರೆ ನಮ್ಮದಕ್ಕೆ ಟರ್ಬೋ ಇಲ್ಲ, ಫೋರ್ ವೀಲ್ ಡ್ರೈವ್ ಇಲ್ಲ. ಇದನ್ನು ತೆಗೆದುಕೊಂಡು ರೇಡ್ ಡಿ ಹಿಮಾಲಯಕ್ಕೆ ಹೋಗೋಣ ಅಂದ ಪುಣ್ಯಾತ್ಮ.

ಆ ರ‍್ಯಾಲಿ ಶುರುವಾಗಿದ್ದು 1999ರಲ್ಲಿ. ಅಕ್ಟೋಬರಿನ ಚಳಿಯಲ್ಲಿ ಹಿಮಾಚಲ, ಲಡಾಖ್ ಕಡೆಯ ದಾರಿಗಳು. ಅದರಲ್ಲಿ ಎಕ್ಸ್‌ಟ್ರೀಮ್ ವಿಭಾಗ ವೇಗದ್ದು, ಅಡ್ವೆಂಚರ್ ವಿಭಾಗ ಲೆಕ್ಕಾಚಾರದ್ದು. ಎರಡನೆಯದರಲ್ಲಿ ಇಂಥ ದೂರವನ್ನು ಇಂಥ ಸರಾಸರಿ ವೇಗದಲ್ಲಿ ಮುಟ್ಟಬೇಕು ಅಂತ ಹೇಳುತ್ತಾರೆ. ತಡವಾಗಿ ಹೋದರೂ ದಂಡ, ಬೇಗ ಹೋದರೂ ದಂಡ. ನಮ್ಮ ಆಸೆ ಈ ಎರಡನೆಯದರ ಮೇಲಿತ್ತು. ಆ ಕಾಲದಲ್ಲಿ ಇಂಥ ಕಡೆ ಎಲ್ಲಿ ನೋಡಿದರೂ ಮಾರುತಿ ಜಿಪ್ಸಿ. 1985ರ ಕೊನೆಯಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದು, 1996ರಲ್ಲಿ 1300 ಸಿಸಿ ಕಿಂಗ್ ಆಗಿದ್ದ ಗಾಡಿ. ಏಣಿಯಂಥ ಚಾಸಿ, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗು, ತೂಕ ಸುಮಾರು ಒಂದೇ ಟನ್ನು. ಜಿಪ್ಸಿ ಕೊಳ್ಳಲು ನಮ್ಮ ಹತ್ತಿರ ದುಡ್ಡಿರಲಿಲ್ಲ.

ಗೆಳೆಯನ ಮೊದಲ ಪ್ರಶ್ನೆ, "ಅಂಕಲ್, ಪಂಪ್ ಸ್ಕ್ರೂ ತಿರುಗಿಸಿ ಪಿಕಪ್ ಜಾಸ್ತಿ ಮಾಡಿಕೊಡ್ತೀರಾ?" ಮಾವ ಕಾಫಿ ಲೋಟ ಕೆಳಗಿಟ್ಟು 1968ರ ಕಥೆ ಶುರು ಮಾಡಿದರು.

ಲಂಡನ್-ಸಿಡ್ನಿ ಮ್ಯಾರಥಾನ್. 1968ರ ನವೆಂಬರ್ 24ಕ್ಕೆ ಲಂಡನ್ನಿನಿಂದ 98 ಕಾರುಗಳು ಹೊರಟವು. ಇಸ್ತಾಂಬುಲ್, ಟೆಹ್ರಾನ್, ಕಾಬೂಲ್, ದೆಹಲಿ ದಾಟಿ ಬೊಂಬಾಯಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಆಸ್ಟ್ರೇಲಿಯಾ. ಮಾವ ಆಗ ಇಪ್ಪತ್ತೆರಡರ ಹುಡುಗ, ಶಿಫ್ಟ್ ಮುಗಿಸಿ ದಿನಾ ಪೇಪರಿನಲ್ಲಿ ಹುಡುಕಿ ಓದುತ್ತಿದ್ದರಂತೆ. ಬೊಂಬಾಯಿಯಲ್ಲಿ ಮುಂದಿದ್ದದ್ದು ರೋಜರ್ ಕ್ಲಾರ್ಕನ ಫೋರ್ಡ್ ಲೋಟಸ್ ಕಾರ್ಟಿನಾ, ರೇಸಿನ ರಕ್ತದ ಕಾರು. ಆಸ್ಟ್ರೇಲಿಯಾದಲ್ಲಿ ಅದರ ಎಂಜಿನ್ ಕೈಕೊಟ್ಟಿತು. ಆಮೇಲೆ ಲೂಸಿಯನ್ ಬಿಯಾಂಕಿಯ ಸಿಟ್ರೋಯೆನ್ ಮುಂದೆ ಬಂತು. ಅದಕ್ಕೂ ಗ್ರಹಚಾರ, ಸಿಡ್ನಿಗೆ ಇನ್ನೇನು ನೂರು ಮೈಲಿಯ ಆಸುಪಾಸು ಇದೆ ಅನ್ನುವಾಗ ರ‍್ಯಾಲಿಯಲ್ಲೇ ಇಲ್ಲದ ಒಂದು ಮಿನಿ ಕಾರು ಎದುರಿನಿಂದ ಬಂದು ಗುದ್ದಿತು. ಗೆದ್ದದ್ದು ಆಂಡ್ರ್ಯೂ ಕೋವನ್ ತಂಡದ ಹಿಲ್ಮನ್ ಹಂಟರ್. ಮೇಷ್ಟ್ರುಗಳು, ಗುಮಾಸ್ತರು ಓಡಿಸುವಂಥ ಕಾರು. ಅದನ್ನೇ ಇರಾನಿನಲ್ಲಿ 1967ರಿಂದ ಪೈಕಾನ್ ಅನ್ನುವ ಹೆಸರಿನಲ್ಲಿ ಮಾಡುತ್ತಿದ್ದರು. ಕೊನೆ ಮುಟ್ಟಿದ್ದು ಒಟ್ಟು 56 ಕಾರು.

"ಅರ್ಥ ಆಯ್ತೇನೋ? ಎಂಜಿನ್ ಮುಟ್ಟಬೇಡಿ. ಮುರಿಯೋದನ್ನ ಮೊದಲು ನೋಡಿ" ಅಂದರು ಮಾವ.

ಕೆಲಸ ಶುರುವಾಗಿದ್ದು ತಿಲಕ್‌ನಗರದ ಒಬ್ಬ ಭಾಯ್ ಗ್ಯಾರೇಜಿನಲ್ಲಿ. ಭಾಯ್ ಹಿಂದಿನ ಸ್ಪ್ರಿಂಗ್ ನೋಡಿ, "ಇನ್ನೆರಡು ಪಟ್ಟಿ ಹಾಕಿಬಿಡೋಣ ಸಾರ್, ಕಲ್ಲಿನ ಥರ ಇರುತ್ತೆ" ಅಂದ. ನಾವೂ ತಲೆಯಾಡಿಸಿದ್ದೆವು. ಮಾವ ಉಲ್ಟಾ ಹೇಳಿದರು, ಇರೋದರಲ್ಲಿ ಎರಡು ತೆಗಿ! ಪಿಕಪ್ಪಿನ ಮೂಲ ಕಾಯಿಲೆಯೇ ಇದು ನೋಡಿ. ಹಿಂದಿನ ಸ್ಪ್ರಿಂಗನ್ನು ತೊಟ್ಟಿಯ ತುಂಬಾ ಭಾರ ಹೊರಲಿ ಅಂತ ಮಾಡಿರುತ್ತಾರೆ. ಖಾಲಿ ಇದ್ದಾಗ ಅದು ಬಗ್ಗುವುದೇ ಇಲ್ಲ. ಗುಂಡಿಗೆ ಬಿದ್ದರೆ ಹಿಂಭಾಗ ಕುಣಿಯುತ್ತದೆ, ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಎಳೆಯುವ ಶಕ್ತಿಯೂ ಇಲ್ಲ, ಬ್ರೇಕೂ ಇಲ್ಲ. ನಮ್ಮ ರ‍್ಯಾಲಿ ಸಾಮಾನನ್ನೆಲ್ಲಾ ಹೇರಿ ಕನಕಪುರ ರಸ್ತೆಯ ವೇಬ್ರಿಡ್ಜಿಗೆ ಕರೆದುಕೊಂಡು ಹೋದರು. ಗಾಡಿ ಹೊರುವ ಭಾರದ ಮೂರನೇ ಒಂದು ಭಾಗವೂ ಇರಲಿಲ್ಲ ನಮ್ಮ ಗಂಟುಮೂಟೆ. ಆ ತೂಕಕ್ಕೆ ತಕ್ಕಷ್ಟೇ ಪಟ್ಟಿ ಉಳಿಸಿ, ಸೆಂಟರ್ ಬೋಲ್ಟು, ಯು ಬೋಲ್ಟು ಹೊಸದು ಹಾಕಿ, ಒಳ್ಳೆಯ ಶಾಕ್ ಅಬ್ಸಾರ್ಬರಿಗೆ ದುಡ್ಡು ಹಾಕಿದೆವು. ಸ್ಪ್ರಿಂಗು ಭಾರ ಹೊರುತ್ತದೆ ಅಷ್ಟೇ, ಕುಣಿತ ನಿಲ್ಲಿಸುವುದು ಶಾಕ್. ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಅದರೊಳಗಿನ ಎಣ್ಣೆ ಕಾದು ನೊರೆಯಾಗಿ ಅದೂ ಸುಮ್ಮನಾಗಿಬಿಡುತ್ತದೆ.

ಆಮೇಲೆ ಸಾಮಾನು ಜೋಡಿಸುವ ಶಾಸ್ತ್ರ. ಎರಡು ಸ್ಟೆಪ್ನಿ, ಜಾಕು, ಟೂಲ್ ಬಾಕ್ಸು ಎಲ್ಲವೂ ಕ್ಯಾಬಿನ್ನಿನ ಬೆನ್ನಿಗೆ ಒತ್ತಿಕೊಂಡು. ಹಿಂದಿನ ಆಕ್ಸೆಲ್ಲಿನಿಂದ ಆಚೆಗೆ ಒಂದು ನೀರಿನ ಬಾಟಲಿಯೂ ಇಡಕೂಡದು. ಬ್ರೇಕ್ ಪೈಪು ಕಲ್ಲೇಟು ಬೀಳದ ಹಾಗೆ ಚಾಸಿಯ ಒಳಮೈಗೆ. ಎಂಜಿನ್ನಿನ ಹೊಟ್ಟೆಗೆ ಒಂದು ಕಬ್ಬಿಣದ ತಗಡು. ಹಿಂದಿನ ಆಕ್ಸೆಲ್ಲಿನ ಗಾಳಿಕಿಂಡಿಗೆ ರಬ್ಬರ್ ಪೈಪು ಹಾಕಿ ಮೇಲಕ್ಕೆ ಎತ್ತಿ ಕಟ್ಟಿದ್ದು ನನಗೆ ತುಂಬಾ ಇಷ್ಟವಾದ ಕೆಲಸ. ಓಡಿ ಓಡಿ ಬಿಸಿಯಾದ ಆಕ್ಸೆಲ್ಲು ತಣ್ಣನೆ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಹೀರಿಕೊಳ್ಳುತ್ತದಂತೆ. ಹತ್ತು ರೂಪಾಯಿ ಪೈಪಿನಿಂದ ಡಿಫರೆನ್ಷಿಯಲ್ ಉಳಿಯುತ್ತದೆ!

ಗೆಳೆಯನಿಗೆ ರೋಲ್ ಕೇಜ್ ಹುಚ್ಚು. ಟಿವಿಯಲ್ಲಿ ನೋಡಿದ ಹಾಗೆ ಕಾಣಬೇಕು ಅಂತ ಬೇರೊಂದು ಕಡೆ ಹೋಗಿ ಮನೆಗೆ ನೀರು ಬರುವ ಜಿ.ಐ. ಪೈಪಿನಲ್ಲೇ ಬೆಸುಗೆ ಹಾಕಿಸಿಕೊಂಡು ಬಂದ. ಅಂಗಡಿಯಲ್ಲಿ ಪೈಪು ಬಿಟ್ಟಿ ಸಿಗುತ್ತಿತ್ತಲ್ಲ! ಮಾವ ಒಂದು ಸುತ್ತಿಗೆ ತೆಗೆದುಕೊಂಡು ಜಾಯಿಂಟಿಗೆ ನಾಲ್ಕು ಏಟು ಹಾಕಿದರು, ಬೆಸುಗೆ ಬಿರುಕು ಬಿಟ್ಟಿತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮುಖ್ಯ ಕಮಾನಿಗೆ ಹೊಲಿಗೆ ಇಲ್ಲದ ಉಕ್ಕಿನ ಕೊಳವೆ ಬೇಕು, 45 ಮಿ.ಮೀ. ವ್ಯಾಸ ಆದರೆ 2.5 ಮಿ.ಮೀ. ದಪ್ಪ, 50 ಆದರೆ 2. ಅದು ಕೂರುವ ಕಡೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರಿನ ತಗಡು ಬೇರೆ. ಹೊಲಿಗೆ ಇರುವ ಪೈಪು ಗಾಡಿ ಮಗುಚಿದಾಗ ಹೊಲಿಗೆಯುದ್ದಕ್ಕೂ ಸೀಳಿ ನಮ್ಮ ಕಡೆಗೇ ಚಾಕುವಿನಂತೆ ತಿರುಗಬಹುದು. ಗೆಳೆಯ ಎರಡು ದಿನ ಮಾತು ಬಿಟ್ಟ. ಆಮೇಲೆ ಸರಿಯಾದ ಕೊಳವೆ ತರಿಸಿದ.

ಕೊನೆಗೆ ಪಂಪು. ಇಲ್ಲೇ ಮಾವ ಮೈಕೋ ಮಾವ ಆದದ್ದು. ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ, ಸಮುದ್ರಮಟ್ಟದ ಗಾಳಿಯ ಶೇಕಡ 90ರಷ್ಟು ಸಾಂದ್ರತೆ ಇಲ್ಲಿಯದು. 5,000 ಮೀಟರಿಗೆ ಹೋದರೆ ಅದು ಶೇಕಡ 60. ಲೇಹ್ ದಾರಿಯ ತಂಗ್ಲಾಂಗ್ ಲಾ 5,300 ಮೀಟರ್ ದಾಟುತ್ತದೆ. ಟರ್ಬೋ ಇಲ್ಲದ ಹಳೇ ಡೀಸೆಲ್ ಎಂಜಿನ್ನಿನ ಪಂಪಿಗೆ ಇದೆಲ್ಲಾ ಗೊತ್ತಾಗುವುದಿಲ್ಲ. ಅದು ಬೆಂಗಳೂರಿನಲ್ಲಿ ಕೊಟ್ಟಷ್ಟೇ ಡೀಸೆಲ್ ಅಲ್ಲೂ ಕೊಡುತ್ತದೆ. ಉರಿಯಲು ಗಾಳಿ ಇಲ್ಲ, ಕರೀ ಹೊಗೆ, ಎಂಜಿನ್ ಕಾಯುತ್ತದೆ, ಶಕ್ತಿಯೂ ಇಲ್ಲ. ಆದ್ದರಿಂದ ಡೀಸೆಲ್ ಹೆಚ್ಚಿಸುವುದಲ್ಲ, ಕಡಿಮೆ ಮಾಡಬೇಕು! ಗೆಳೆಯ ಕೇಳಿದ್ದಕ್ಕೆ ಸರಿಯಾಗಿ ತದ್ವಿರುದ್ಧ. ಮಾವ ಪಂಪನ್ನು ಇಳಿಸಿ, ಪರಿಚಯದವರ ಪಂಪ್ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ನಾಲ್ಕೂ ಸಿಲಿಂಡರಿಗೆ ಹೋಗುವ ಎಣ್ಣೆಯನ್ನು ಗಾಜಿನ ಕೊಳವೆಗಳಲ್ಲಿ ಅಳೆದು ಅಳೆದು ಸಮ ಮಾಡಿ, ಗರಿಷ್ಠ ಪ್ರಮಾಣವನ್ನು ಸ್ವಲ್ಪ ಇಳಿಸಿ, ಸ್ಕ್ರೂಗೆ ತಂತಿ ಸುತ್ತಿ ಸೀಸದ ಸೀಲ್ ಒತ್ತಿದರು. "ಇದನ್ನ ಯಾವನಾದ್ರೂ ಬಿಚ್ಚಿದ್ರೆ ನನಗೆ ಗೊತ್ತಾಗುತ್ತೆ" ಅಂತ ಗೆಳೆಯನ ಮುಖ ನೋಡಿದರು.

ಮೀಟರನ್ನು ಕನಕಪುರ ರಸ್ತೆಯ ಮೈಲಿಗಲ್ಲುಗಳ ಜೊತೆ ಹೋಲಿಸಿ ತಪ್ಪು ಎಷ್ಟು ಅಂತ ಬರೆದಿಟ್ಟುಕೊಂಡೆವು. ಲೆಕ್ಕಾಚಾರದ ರ‍್ಯಾಲಿಯಲ್ಲಿ ಅದೇ ಪ್ರಾಣ. ಎಲ್ಲಾ ತಯಾರು. ಸೆಪ್ಟೆಂಬರಿನಲ್ಲಿ ಗಾಡಿಯ ಎಫ್.ಸಿ. ಬಂತು.

ಹಳದಿ ಬೋರ್ಡಿನ ಗಾಡಿ ಅಲ್ಲವೇ, ಹಳೆಯದಾದ ಮೇಲೆ ಪ್ರತಿವರ್ಷ ಫಿಟ್‌ನೆಸ್ ತೋರಿಸಬೇಕು. ಇನ್ಸ್‌ಪೆಕ್ಟರು ಒಂದು ಸುತ್ತು ಬಂದು, ತೊಟ್ಟಿಯಲ್ಲಿ ಕೂರಿಸಿದ್ದ ಎರಡನೇ ಡೀಸೆಲ್ ಟ್ಯಾಂಕನ್ನೂ, ಕೇಜನ್ನೂ ತೋರಿಸಿ, "ಇದು ಆರ್.ಸಿ.ಲಿ ಎಲ್ಲಿದೆ?" ಅಂದರು. ಅವರದು ತಪ್ಪಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ 2000ದಲ್ಲಿ ತಿದ್ದುಪಡಿಯಾಗಿತ್ತು, ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಮಾರ್ಪಾಡು ಮಾಡುವಂತಿಲ್ಲ ಅಂತ. ನಮ್ಮಲ್ಲಿ ಯಾರೂ ಅದನ್ನು ಓದಿಯೇ ಇರಲಿಲ್ಲ. ನಾಲ್ಕು ತಿಂಗಳ ಕೆಲಸದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ಅನ್ನುವುದು ಇವತ್ತಿಗೂ ನಾಚಿಕೆ. ಕೇಜು ಬಿಚ್ಚಿ, ಟ್ಯಾಂಕು ತೆಗೆದು, ಮತ್ತೆ ತೋರಿಸಿ ಎಫ್.ಸಿ. ಸಿಗುವಷ್ಟರಲ್ಲಿ ದಿನ ಮೀರಿತ್ತು. ಆ ವರ್ಷ ಹೋಗಲಿಲ್ಲ. ಮುಂದಿನ ವರ್ಷ ಗೆಳೆಯ ಅಮೆರಿಕಕ್ಕೆ ಹೋದ.

ಅಲ್ಲಿಂದೀಚೆಗೆ ಕಾನೂನು ಇನ್ನೂ ಬಿಗಿಯಾಗಿದೆ. 2017ರ ಡಿಸೆಂಬರಿನಲ್ಲಿ ಬುಲ್ ಬಾರ್ ಬೇಡ ಅಂತ ಕೇಂದ್ರದ ಆದೇಶ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಬೀದಿಯಲ್ಲಿ ನಡೆಯುವವನ ದೃಷ್ಟಿಯಿಂದ ಇದು ಸರಿಯೇ, ಆ ನೀರಿನ ಪೈಪಿನ ಕೇಜನ್ನು ಕಣ್ಣಾರೆ ಕಂಡವನು ನಾನು. ಆದರೆ ಕಸುಬಿನವನ ಕೈ ಕಟ್ಟಿದ್ದೂ ನಿಜ. ಡಕಾರಿನಲ್ಲಿ 2019ರಲ್ಲಿ ಮೊದಲ ಸಲ ಹೈಲಕ್ಸ್ ಗೆದ್ದಾಗ (ಓಡಿಸಿದ್ದು ನಾಸರ್ ಅಲ್ ಅತಿಯಾ) ನಮ್ಮ ಹುಡುಗರೆಲ್ಲಾ ಪಿಕಪ್ ಗೆದ್ದಿತು ಅಂತ ಕುಣಿದರು. ಆ ಗಾಡಿ ಕೊಳವೆಗಳ ಹಂದರದ ಮೇಲೆ ಹೈಲಕ್ಸಿನ ಮುಖವಾಡ ತೊಡಿಸಿದ್ದು. ಶೋರೂಮಿನ ಹೈಲಕ್ಸಿಗೂ ಅದಕ್ಕೂ ಹೆಸರು ಬಿಟ್ಟರೆ ಹೆಚ್ಚಿನ ನಂಟಿಲ್ಲ.

ತಮಾಷೆ ಏನೆಂದರೆ ಆ ಶೋರೂಮಿನ ಹೈಲಕ್ಸ್ 2022ರಿಂದ ತಯಾರಾಗುತ್ತಿರುವುದು ನಮ್ಮ ಬಿಡದಿಯಲ್ಲಿ. ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಅದರ ಉತ್ಪಾದನೆಯೂ ಆಡುಗೋಡಿಯಿಂದ ಬಿಡದಿಗೇ ಹೋಯಿತು. ಆಡುಗೋಡಿಯ ಜಾಗದಲ್ಲಿ 2022ರಲ್ಲಿ ಸ್ಪಾರ್ಕ್ ನೆಕ್ಸ್ಟ್ ಅನ್ನುವ ಟೆಕ್ ಕ್ಯಾಂಪಸ್ಸು ಉದ್ಘಾಟನೆಯಾಯಿತು. ಈಗಿನ ಡೀಸೆಲ್ ಗಾಡಿಯಲ್ಲಿ ತಿರುಗಿಸೋಕೆ ಸ್ಕ್ರೂ ಇಲ್ಲ. ಗಾಳಿ ಎಷ್ಟಿದೆ ಅಂತ ಸೆನ್ಸರ್ ಅಳೆಯುತ್ತದೆ, ಎಣ್ಣೆ ಎಷ್ಟು ಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ಮಾವ ಬೆಂಚಿನ ಮುಂದೆ ಅರ್ಧ ದಿನ ನಿಂತು ಮಾಡಿದ ಕೆಲಸವನ್ನು ಅದು ಕ್ಷಣಕ್ಷಣಕ್ಕೂ ಮಾಡುತ್ತಿರುತ್ತದೆ.

ಮಾವ ತೀರಿಕೊಂಡು ಆರು ವರ್ಷವಾಯಿತು. ಪಿಕಪ್ಪನ್ನು ಗೆಳೆಯನ ಅಪ್ಪ ಅಂಗಡಿ ಮುಚ್ಚುವಾಗ ಕಗ್ಗಲೀಪುರದ ಕಡೆಯ ಒಬ್ಬ ಇಟ್ಟಿಗೆ ವ್ಯಾಪಾರಿಗೆ ಕೊಟ್ಟರು. ತೆಗೆದಿಟ್ಟಿದ್ದ ನಾಲ್ಕು ಪಟ್ಟಿಗಳನ್ನೂ, ಆ ಕಡೆ ಎರಡು ಈ ಕಡೆ ಎರಡು, ವಾಪಸ್ ಹಾಕಿಸಿಯೇ ಕೊಟ್ಟೆವು, ಇಟ್ಟಿಗೆ ಹೊರಬೇಕಲ್ಲ. ಕೊಡುವ ದಿನ ನಾನು ಬಾನೆಟ್ ಎತ್ತಿ ನೋಡಿದೆ. ಸೀಸದ ಸೀಲ್ ಹಾಗೇ ಇತ್ತು.