ಪಾಶ್: ಹಡಗಿನಿಂದ ಬಂದದ್ದಲ್ಲ

‘ಪಾಶ್ ಏರಿಯಾದಲ್ಲಿ ಮನೆ ಮಾಡಿದ್ದಾರೆ’ ಎಂದು ಬೆಂಗಳೂರಿನವರು ಸಲೀಸಾಗಿ ಹೇಳುವ ಇಂಗ್ಲಿಷ್ ಗುಣವಾಚಕಕ್ಕೆ ಸೊಗಸಾದ ಕಥೆಯೊಂದು ಅಂಟಿಕೊಂಡಿದೆ. ಬ್ರಿಟನ್ನಿನ ಪಿ ಅಂಡ್ ಒ ಕಂಪನಿಯ ಹಡಗುಗಳಲ್ಲಿ ಇಂಡಿಯಾಕ್ಕೆ ಬರುವಾಗ ಎಡಬದಿಯ, ಮರಳುವಾಗ ಬಲಬದಿಯ ಕ್ಯಾಬಿನ್ನಿಗೆ ಬಿಸಿಲು ಕಡಿಮೆ. ಹಣವಂತರು ಅದನ್ನೇ ಕಾದಿರಿಸುತ್ತಿದ್ದರು. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳೇ ಪಾಶ್ ಆದವಂತೆ. ಬಿಸಿಲಿನ ಲೆಕ್ಕ ಸರಿಯಾಗಿಯೇ ಇದೆಯಲ್ಲ ಎನ್ನಬಹುದು. ಇದೆ, ಪೂರ್ವಕ್ಕೆ ಹೊರಟ ಹಡಗಿನ ಎಡಬದಿ ಉತ್ತರಕ್ಕಿರುತ್ತದೆ. ಆದರೆ ಆ ಮೊದಲಕ್ಷರಗಳ ಮುದ್ರೆ ಬಿದ್ದ ಟಿಕೆಟ್ ಒಂದೂ ಸಿಕ್ಕಿಲ್ಲ. ಈ ವಿವರಣೆ ಅಚ್ಚಿನಲ್ಲಿ ಕಾಣಿಸಿದ್ದೂ ಪದ ಚಾಲ್ತಿಗೆ ಬಂದ ಎಷ್ಟೋ ವರ್ಷಗಳ ಮೇಲೆ. ಮೊದಲಕ್ಷರ ಜೋಡಿಸಿ ಪದ ಕಟ್ಟುವ ಚಾಳಿಯೇ ಮೊದಲ ಮಹಾಯುದ್ಧಕ್ಕೆ ಮುಂಚೆ ಇಂಗ್ಲಿಷಿನಲ್ಲಿ ಅಪರೂಪ.

ನಂಬಬಹುದಾದ ಜಾಡು 19ನೇ ಶತಮಾನದ ಲಂಡನ್ನಿನ ಬೀದಿಮಾತಿನಲ್ಲಿದೆ. ಅಲ್ಲಿ ಪಾಶ್ ಎಂದರೆ ಚಿಲ್ಲರೆ ಕಾಸು. ರೊಮಾನಿ ಜನರ ‘ಅರ್ಧ’ ಎಂಬರ್ಥದ ಪದದಿಂದ ಬಂದದ್ದಿರಬೇಕು. ಆಮೇಲೆ ಶೋಕಿಲಾಲನಿಗೂ ಅದೇ ಹೆಸರು ಬಿತ್ತು. ಕಾಸಿನಿಂದ ಠೀವಿಗೆ ದಾರಿ ದೂರವೇನಲ್ಲ. ಇದೇ ಅರ್ಥದ ಬಂಧು ಪದಗಳಲ್ಲಿ ‘ರಿಟ್ಜಿ’ ಹುಟ್ಟಿದ್ದು ಸೆಸಾರ್ ರಿಟ್ಜ್ 1898ರಲ್ಲಿ ಪ್ಯಾರಿಸ್ಸಿನಲ್ಲಿ ತೆರೆದಂಥ ಹೋಟೆಲುಗಳಿಂದ, ‘ಪ್ಲಶ್’ ಮಖಮಲ್ಲಿನಂಥ ಬಟ್ಟೆಯಿಂದ. ‘ಸ್ವಾಂಕಿ’ಯಲ್ಲಿ ಜಂಬದ ವಾಸನೆಯಿದೆ. ಪಾಶ್ ಮಾತ್ರ ಬ್ರಿಟನ್ನಿನಲ್ಲಿ ಮಾತಿನ ಧಾಟಿಗೂ ಅಂಟುತ್ತದೆ: ಜೇಬು ಖಾಲಿಯಿದ್ದರೂ ಉಚ್ಚಾರಣೆ ಮೇಲ್ವರ್ಗದ್ದಾದರೆ ಅವನು ಪಾಶ್. ನಮ್ಮ ಪಾಶ್ ಏರಿಯಾಕ್ಕಾದರೋ ಸೈಟಿನ ರೇಟೇ ಸಾಕು.