ಆಟದಲ್ಲಿ ತಲೆಗೆ ಪೆಟ್ಟು ಬಿತ್ತೇ? ಕನ್‌ಕಷನ್ ಗುರುತಿಸುವುದು ಹೇಗೆ, ಮೊದಲ 48 ಗಂಟೆ ಏನು ಮಾಡಬೇಕು?

ತಲೆಗೆ ಪೆಟ್ಟು ಬಿದ್ದವರು ಎದ್ದು ನಿಂತರು, ಮಾತನಾಡಿದರು ಎಂದ ಮಾತ್ರಕ್ಕೆ ಅಪಾಯ ಕಳೆಯಿತು ಎಂದಲ್ಲ. ಮೈದಾನದಿಂದ ಹೊರಗೆ ಕರೆತರುವುದರಿಂದ ಹಿಡಿದು ಮತ್ತೆ ಆಟಕ್ಕೆ ಇಳಿಯುವವರೆಗೆ ತಿಳಿದಿರಬೇಕಾದ ಮುಖ್ಯ ಮಾಹಿತಿ ಇಲ್ಲಿದೆ.

2019ರ ಆಗಸ್ಟ್‌ನಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಆ್ಯಶಸ್ ಟೆಸ್ಟ್ ನಡೆಯುತ್ತಿತ್ತು. ಇಂಗ್ಲೆಂಡಿನ ವೇಗಿ ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವರ ಕತ್ತಿಗೆ ಬಡಿಯಿತು. ಆಗ 80 ರನ್ ಗಳಿಸಿದ್ದ ಸ್ಮಿತ್ ನೆಲಕ್ಕೆ ಬಿದ್ದರು, ನಂತರ ಎದ್ದು ಹೊರನಡೆದರು. ವೈದ್ಯಕೀಯ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಸುಮಾರು 40 ನಿಮಿಷದ ಬಳಿಕ ಮತ್ತೆ ಕ್ರೀಸ್‌ಗೆ ಬಂದು 92 ರನ್‌ಗೆ ಔಟಾದರು. ಆದರೆ ಮರುದಿನ ಬೆಳಿಗ್ಗೆ ಅವರಿಗೆ ತಲೆನೋವು ಮತ್ತು ಮಂಪರು ಕಾಣಿಸಿಕೊಂಡಿತು. ಉಳಿದ ಪಂದ್ಯದಿಂದ ಹೊರಗುಳಿದ ಅವರು ಮುಂದಿನ ಟೆಸ್ಟ್‌ನಲ್ಲೂ ಆಡಲಿಲ್ಲ. ಅವರ ಜಾಗಕ್ಕೆ ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್‌ಕಷನ್ ಬದಲಿ ಆಟಗಾರರಾದರು.

ವೈದ್ಯರು, ಫಿಸಿಯೋ ಎಲ್ಲರೂ ಇದ್ದ ಕಡೆಯೇ ಲಕ್ಷಣ ತಡವಾಗಿ ಕಾಣಿಸಿತು. ಭಾನುವಾರ ಬೆಳಿಗ್ಗೆ ಮುಂಬೈನ ಮೈದಾನದಲ್ಲೋ ಹೈದರಾಬಾದಿನ ಅಪಾರ್ಟ್‌ಮೆಂಟ್ ಆವರಣದಲ್ಲೋ ಆಡುವಾಗ ಪಕ್ಕದಲ್ಲಿ ವೈದ್ಯರು ಇರುವುದಿಲ್ಲ. ಅಲ್ಲಿ ನಿರ್ಧಾರ ಕೈಗೊಳ್ಳಬೇಕಾದವರು ತಂಡದ ನಾಯಕ, ಕೋಚ್, ಜೊತೆ ಆಟಗಾರರು ಅಥವಾ ಪೋಷಕರು.

ಕನ್‌ಕಷನ್ ಎಂದರೇನು?

ತಲೆ, ಮುಖ ಅಥವಾ ಕತ್ತಿಗೆ ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ಮೆದುಳು ಜೋರಾಗಿ ಅಲುಗಾಡುತ್ತದೆ. ಆಗ ಅದರ ಕೆಲಸದಲ್ಲಿ ತಾತ್ಕಾಲಿಕ ಏರುಪೇರು ಉಂಟಾಗುವುದೇ ಕನ್‌ಕಷನ್. ಪೆಟ್ಟು ತಲೆಗೇ ಬೀಳಬೇಕೆಂದಿಲ್ಲ. ಕಬಡ್ಡಿಯಲ್ಲಿ ಎದೆಗೆ ಡಿಕ್ಕಿ ಹೊಡೆದು ತಲೆ ಹಿಂದಕ್ಕೆ ಎಸೆಯಲ್ಪಟ್ಟರೂ ಆಗಬಹುದು.

ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಷನ್ ಎಂಬ ನಂಬಿಕೆ ತಪ್ಪು. ಕನ್‌ಕಷನ್ ಆದ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಹೆಲ್ಮೆಟ್ ಹಾಕಿದ್ದರೆ ಆಗುವುದಿಲ್ಲ ಎಂಬುದೂ ಸರಿಯಲ್ಲ. ಹೆಲ್ಮೆಟ್ ತಲೆಬುರುಡೆ ಒಡೆಯುವುದನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಒಳಗೆ ಮೆದುಳು ಅಲುಗಾಡುವುದನ್ನು ಪೂರ್ತಿ ತಡೆಯಲಾರದು. ಕರ್ನಾಟಕದ ಮಯಂಕ್ ಅಗರ್‌ವಾಲ್ ಅವರಿಗೆ 2021ರ ಆಗಸ್ಟ್‌ನಲ್ಲಿ ಆದದ್ದು ಇದೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನೆಟ್ ಅಭ್ಯಾಸದ ವೇಳೆ ಸಹ ಆಟಗಾರ ಮೊಹಮ್ಮದ್ ಸಿರಾಜ್ ಎಸೆದ ಚೆಂಡು ಅವರ ಹೆಲ್ಮೆಟ್‌ಗೆ ಬಡಿಯಿತು. ಕನ್‌ಕಷನ್ ಕಾರಣಕ್ಕೆ ಅವರು ಮೊದಲ ಟೆಸ್ಟ್‌ನಿಂದ ಹೊರಗುಳಿದರು. ಇನಿಂಗ್ಸ್ ಆರಂಭಿಸುವ ಅವಕಾಶ ಕರ್ನಾಟಕದವರೇ ಆದ ಕೆ.ಎಲ್. ರಾಹುಲ್ ಅವರಿಗೆ ಸಿಕ್ಕಿತು.

ಮೈದಾನದಲ್ಲಿ ಮೊದಲು ಮಾಡಬೇಕಾದದ್ದು

ನಿಯಮ ಒಂದೇ: ಅನುಮಾನ ಬಂದರೆ ಆಟ ನಿಲ್ಲಿಸಿ ಹೊರಗೆ ಕೂರಿಸಿ. ಅದೇ ದಿನ ಮತ್ತೆ ಆಟಕ್ಕೆ ಇಳಿಸಬೇಡಿ.

ಇದನ್ನು ಪೆಟ್ಟು ತಿಂದವರ ತೀರ್ಮಾನಕ್ಕೆ ಬಿಡಬಾರದು. ‘ನನಗೇನೂ ಆಗಿಲ್ಲ, ಇನ್ನೊಂದು ಓವರ್ ಅಷ್ಟೇ’ ಎಂದು ಹೇಳುವುದು ಸಹಜ. ಆದರೆ ತನ್ನ ಸ್ಥಿತಿಯನ್ನು ಅಳೆಯಬೇಕಾದ ಮೆದುಳಿಗೇ ಆ ಹೊತ್ತಿನಲ್ಲಿ ಪೆಟ್ಟಾಗಿರುತ್ತದೆ.

ಕೂಡಲೇ ಗಮನಿಸಬೇಕಾದ ಚಿಹ್ನೆಗಳು:

• ನೆಲದ ಮೇಲೆ ಅಲುಗಾಡದೆ ಬಿದ್ದಿರುವುದು, ಏಳಲು ತಡಮಾಡುವುದು
• ನಡೆಯುವಾಗ ತೂರಾಡುವುದು, ತಲೆ ಹಿಡಿದುಕೊಳ್ಳುವುದು
• ಶೂನ್ಯ ನೋಟ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಕೇಳಿದ್ದನ್ನೇ ಮತ್ತೆ ಕೇಳುವುದು
• ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು
• ಬೆಳಕು ಅಥವಾ ಸದ್ದು ಸಹಿಸಲಾಗದಿರುವುದು
• ಕಾರಣವಿಲ್ಲದೆ ಅಳು, ಸಿಟ್ಟು, ‘ಏನೋ ಸರಿಯಿಲ್ಲ’ ಎಂಬ ಭಾವನೆ

ನೆನಪಿನ ಶಕ್ತಿ ನೋಡಲು ಸರಳ ಪ್ರಶ್ನೆ ಕೇಳಬಹುದು. ಈಗ ಯಾವ ಮೈದಾನದಲ್ಲಿದ್ದೇವೆ? ಎದುರಾಳಿ ತಂಡ ಯಾವುದು? ಕೊನೆಯ ವಿಕೆಟ್ ಯಾರದ್ದು? ಹಿಂದಿನ ಪಂದ್ಯ ಗೆದ್ದೆವೋ ಸೋತೆವೋ? ಉತ್ತರ ತಪ್ಪಿದರೆ ಕನ್‌ಕಷನ್ ಅನುಮಾನ ಬಲವಾಗುತ್ತದೆ. ಎಲ್ಲ ಉತ್ತರ ಸರಿಯಾಗಿದ್ದರೂ ಕನ್‌ಕಷನ್ ಆಗಿಲ್ಲ ಎಂದು ಹೇಳಲಾಗದು. ಮೇಲಿನ ಪಟ್ಟಿಯ ಒಂದು ಚಿಹ್ನೆ ಕಂಡರೂ ಆಟ ಅಲ್ಲಿಗೇ ಮುಗಿಯಬೇಕು, ಆ ದಿನವೇ ವೈದ್ಯರಿಗೆ ತೋರಿಸಬೇಕು.

ಈ ಲಕ್ಷಣಗಳಿದ್ದರೆ ತಡಮಾಡದೆ ಆಸ್ಪತ್ರೆಗೆ

ಕನ್‌ಕಷನ್ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಅದೇ ಪೆಟ್ಟಿನಿಂದ ತಲೆಯೊಳಗೆ ರಕ್ತಸ್ರಾವವಾಗಿದ್ದರೆ ಪ್ರತಿ ನಿಮಿಷವೂ ಮುಖ್ಯ. ಇವುಗಳಲ್ಲಿ ಒಂದು ಕಂಡರೂ ತುರ್ತು ಚಿಕಿತ್ಸೆ ಬೇಕು:

• ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿರುವುದು
• ಫಿಟ್ಸ್ ಬರುವುದು
• ಮತ್ತೆ ಮತ್ತೆ ವಾಂತಿ
• ಹೆಚ್ಚುತ್ತಲೇ ಹೋಗುವ ತಲೆನೋವು
• ಎಬ್ಬಿಸಲು ಕಷ್ಟವಾಗುವಷ್ಟು ಮಂಪರು, ಹೆಚ್ಚುತ್ತಿರುವ ಗೊಂದಲ ಅಥವಾ ರೊಚ್ಚು
• ಎರಡೆರಡಾಗಿ ಕಾಣುವುದು, ದೃಷ್ಟಿ ಹೋಗುವುದು
• ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಜೋಮು, ಮಾತು ತೊದಲುವುದು
• ಕತ್ತು ನೋವು
• ಕಿವಿ ಅಥವಾ ಮೂಗಿನಿಂದ ರಕ್ತ, ನೀರಿನಂಥ ದ್ರವ ಸೋರುವುದು

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಂದೆ ಮೆದುಳಿನ ಶಸ್ತ್ರಚಿಕಿತ್ಸೆ ಆದವರು, ಮದ್ಯ ಸೇವಿಸಿದ್ದವರು ಮತ್ತು 65 ದಾಟಿದವರು ಲಕ್ಷಣ ಕಡಿಮೆ ಇದ್ದರೂ ಆಸ್ಪತ್ರೆಗೆ ಹೋಗುವುದೇ ಸುರಕ್ಷಿತ.

ದೇಶದ ಎಲ್ಲ ಕಡೆ 112ಕ್ಕೆ ಕರೆ ಮಾಡಬಹುದು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ ಆಂಬುಲೆನ್ಸ್‌ಗೆ 108 ಇದೆ. ಸಾಧ್ಯವಿದ್ದರೆ ಸಿಟಿ ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ. ಆಡುವ ಮೈದಾನಕ್ಕೆ ಹತ್ತಿರದಲ್ಲಿ ಅಂಥ ಆಸ್ಪತ್ರೆ ಯಾವುದು ಎಂಬುದನ್ನು ಟೂರ್ನಿ ಆರಂಭಕ್ಕೆ ಮೊದಲೇ ತಿಳಿದಿಟ್ಟುಕೊಳ್ಳಬೇಕು.

ಆಂಬುಲೆನ್ಸ್ ಬರುವವರೆಗೆ

ಪ್ರಜ್ಞೆ ಇಲ್ಲದಿದ್ದರೆ ಅಥವಾ ಕತ್ತು ನೋವು ಇದ್ದರೆ ಎತ್ತಿ ಕೂರಿಸುವುದು, ತಲೆ ಅಲ್ಲಾಡಿಸುವುದು, ಕೈಕಾಲು ಹಿಡಿದು ಹೊತ್ತೊಯ್ಯುವುದು ಬೇಡ. ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು. ತರಬೇತಿ ಇಲ್ಲದವರು ಹೆಲ್ಮೆಟ್ ತೆಗೆಯಲು ಹೋಗಬಾರದು. ಉಸಿರಾಟ ಗಮನಿಸುತ್ತಿರಿ, ಉಸಿರು ನಿಂತಿದ್ದರೆ ಸಿಪಿಆರ್ ಆರಂಭಿಸಬೇಕು. ವಾಂತಿಯಾಗುತ್ತಿದ್ದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವಂತೆ ಇಬ್ಬರು ಮೂವರು ಸೇರಿ ಪಕ್ಕಕ್ಕೆ ಹೊರಳಿಸಿ.

ಮುಖಕ್ಕೆ ನೀರು ಎರಚುವುದು, ಮಂಪರಿನಲ್ಲಿರುವವರಿಗೆ ನೀರು ಕುಡಿಸುವುದು ತಪ್ಪು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಅಥವಾ ಕೀಲಿಕೈ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಚಮಚ ತುರುಕುವುದು ಅಪಾಯಕಾರಿ.

ಮೊದಲ 48 ಗಂಟೆ: ಒಬ್ಬರನ್ನೇ ಬಿಡಬೇಡಿ

ಭಾರತದ ಮಾಜಿ ಆಟಗಾರ ರಮಣ್ ಲಾಂಬಾ ಅವರಿಗೆ 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಚೆಂಡು ತಲೆಗೆ ಬಡಿಯಿತು. ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಅವರು ಎದ್ದು, ನಡೆದುಕೊಂಡೇ ಡ್ರೆಸ್ಸಿಂಗ್ ರೂಮ್‌ಗೆ ಹೋದರು. ಆನಂತರ ಸ್ಥಿತಿ ಹದಗೆಟ್ಟಿತು. ತಲೆಯೊಳಗಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ಮೃತಪಟ್ಟರು. ರಕ್ತಸ್ರಾವ ನಿಧಾನವಾಗಿ ಹೆಚ್ಚುವಾಗ ನಡುವೆ ಕೆಲ ಹೊತ್ತು ವ್ಯಕ್ತಿ ಸರಿಯಾಗಿಯೇ ಇರುವಂತೆ ಕಾಣಬಹುದು. ಅದಕ್ಕಾಗಿಯೇ ಮೊದಲ 24ರಿಂದ 48 ಗಂಟೆ ಯಾರಾದರೂ ಜೊತೆಗಿರಬೇಕು.

ಪುಣೆ, ಚೆನ್ನೈ, ದೆಹಲಿಯಲ್ಲಿ ಪಿಜಿ ಅಥವಾ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಆ ರಾತ್ರಿ ಗೆಳೆಯರ ಮನೆಯಲ್ಲಿ ಉಳಿಯಿರಿ, ಇಲ್ಲವೇ ರೂಮ್‌ಮೇಟ್‌ಗೆ ವಿಷಯ ತಿಳಿಸಿ. ಅಪಾಯದ ಲಕ್ಷಣಗಳ ಪಟ್ಟಿಯನ್ನು ಅವರ ಫೋನ್‌ಗೂ ಕಳುಹಿಸಿ. ಪೆಟ್ಟು ಬಿದ್ದ ಸಮಯ, ಹೇಗೆ ಬಿತ್ತು, ಎಷ್ಟು ಸಲ ವಾಂತಿಯಾಯಿತು, ಯಾವ ಮಾತ್ರೆ ನುಂಗಿದ್ದೀರಿ ಎಂಬುದನ್ನು ಬರೆದಿಟ್ಟುಕೊಂಡರೆ ವೈದ್ಯರಿಗೆ ವಿವರಿಸುವುದು ಸುಲಭ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು:

• ನಿದ್ದೆ: ವೈದ್ಯರು ನೋಡಿ ಮನೆಗೆ ಕಳುಹಿಸಿದ್ದರೆ ನಿದ್ದೆ ಮಾಡಬಹುದು. ರಾತ್ರಿಯಿಡೀ ಎಚ್ಚರವಾಗಿ ಇರಿಸಬೇಕಿಲ್ಲ. ಜೊತೆಗಿರುವವರು ಆಗಾಗ ಉಸಿರಾಟ ಗಮನಿಸಲಿ. ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ.
• ನೋವಿಗೆ ಮಾತ್ರೆ: ಅಗತ್ಯವಿದ್ದರೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್‌ನಂಥವು ರಕ್ತಸ್ರಾವ ಹೆಚ್ಚಿಸುವ ಸಾಧ್ಯತೆ ಇರುವುದರಿಂದ ಆರಂಭದಲ್ಲಿ ಬೇಡ. ಮನೆಯಲ್ಲಿ ಸಾಮಾನ್ಯವಾಗಿ ಇರುವ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್, ಡಿಸ್ಪ್ರಿನ್‌ನಲ್ಲಿ ಆಸ್ಪಿರಿನ್ ಇದೆ. ನಿದ್ದೆ ಮಾತ್ರೆಯೂ ಬೇಡ.
• ಊತ: ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ಊತದ ಮೇಲೆ ಒತ್ತಿ ಉಜ್ಜಬೇಡಿ.
• ಮೊಬೈಲ್, ಟಿವಿ: ಮೊದಲ ಎರಡು ದಿನ ಆದಷ್ಟು ಕಡಿಮೆ ಮಾಡಿ.
• ವಾಹನ, ಮದ್ಯ: ಬೈಕ್, ಕಾರು ಓಡಿಸಬೇಡಿ. ಮದ್ಯ ಮುಟ್ಟಬೇಡಿ.
• ವಿಶ್ರಾಂತಿ: ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗುವ ಅಗತ್ಯವಿಲ್ಲ. ಮನೆಯೊಳಗೆ ಓಡಾಟ, ನಿಧಾನ ನಡಿಗೆ ಒಳ್ಳೆಯದು. ತಲೆನೋವು ಜಾಸ್ತಿಯಾದರೆ ನಿಲ್ಲಿಸಿ.

ಸ್ಕ್ಯಾನ್ ನಾರ್ಮಲ್ ಬಂದರೆ ಆಡಬಹುದೇ?

ಇಲ್ಲ. ಸಿಟಿ ಸ್ಕ್ಯಾನ್ ಮಾಡುವುದು ರಕ್ತಸ್ರಾವ ಅಥವಾ ಮೂಳೆ ಮುರಿತ ಇದೆಯೇ ಎಂದು ನೋಡಲು. ಕನ್‌ಕಷನ್ ಆದವರ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ‘ರಿಪೋರ್ಟ್‌ನಲ್ಲಿ ಏನೂ ಇಲ್ಲ’ ಎಂದರೆ ದೊಡ್ಡ ಅಪಾಯವಿಲ್ಲ ಎಂದಷ್ಟೇ ಅರ್ಥ, ಕನ್‌ಕಷನ್ ಇಲ್ಲ ಎಂದಲ್ಲ. ಹಾಗೆಯೇ ಪೆಟ್ಟು ಬಿದ್ದ ಪ್ರತಿಯೊಬ್ಬರಿಗೂ ಸ್ಕ್ಯಾನ್ ಬೇಕಾಗುವುದಿಲ್ಲ. ಲಕ್ಷಣ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಮತ್ತೆ ಆಟಕ್ಕೆ ಮರಳುವುದು ಯಾವಾಗ?

ಹೆಚ್ಚಿನ ವಯಸ್ಕರು ಸುಮಾರು ಎರಡು ವಾರದಲ್ಲಿ, ಮಕ್ಕಳು ಮತ್ತು ಹದಿಹರೆಯದವರು ನಾಲ್ಕು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಈ ವಿಷಯದ ಮೇಲೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಅಲ್ಲಿ ಸೇರಿದ್ದ ತಜ್ಞರು ಮುಂದಿನ ವರ್ಷ ಪ್ರಕಟಿಸಿದ ಸೂಚನೆಯಂತೆ ಆಟಕ್ಕೆ ಮರಳಲು ಆರು ಹಂತಗಳಿವೆ. ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ ಬೇಕು.

1. ಮನೆಯ ದೈನಂದಿನ ಕೆಲಸ, ನಡಿಗೆ
2. ನಿಧಾನ ಸೈಕ್ಲಿಂಗ್, ಜಾಗಿಂಗ್‌ನಂಥ ವ್ಯಾಯಾಮ
3. ತಲೆಗೆ ಪೆಟ್ಟಿನ ಅಪಾಯವಿಲ್ಲದೆ ಒಬ್ಬರೇ ಮಾಡುವ ಅಭ್ಯಾಸ: ಓಟ, ದಿಕ್ಕು ಬದಲಿಸುವ ಡ್ರಿಲ್
4. ಡಿಕ್ಕಿಯ ಭಯವಿಲ್ಲದ ತಂಡದ ಅಭ್ಯಾಸ: ಪಾಸಿಂಗ್, ಕ್ಯಾಚಿಂಗ್
5. ಪೂರ್ಣ ಪ್ರಮಾಣದ ಅಭ್ಯಾಸ
6. ಪಂದ್ಯ

ಮೊದಲ ಮೂರು ಹಂತಗಳಲ್ಲಿ ಸ್ವಲ್ಪ ಹೊತ್ತು ತಲೆನೋವು ತುಸು ಹೆಚ್ಚಾದರೆ ಗಾಬರಿ ಬೇಡ, ಆ ದಿನಕ್ಕೆ ನಿಲ್ಲಿಸಿ ಮರುದಿನ ಮುಂದುವರಿಸಿ. ನಾಲ್ಕನೇ ಹಂತಕ್ಕೆ ಹೋಗುವ ಮೊದಲು ಎಲ್ಲ ಲಕ್ಷಣಗಳೂ ಪೂರ್ತಿ ಹೋಗಿರಬೇಕು. ಪಂದ್ಯಕ್ಕೆ ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲೂ ಕನ್‌ಕಷನ್ ಆದವರು ಕನಿಷ್ಠ 7 ದಿನ ಆಡುವಂತಿಲ್ಲ ಎಂಬ ನಿಯಮ 2025ರಲ್ಲಿ ಬಂದಿದೆ. ವೈದ್ಯರ ನಿಗಾ ಇಲ್ಲದ ಹವ್ಯಾಸಿ ಆಟಗಾರರು ಇನ್ನಷ್ಟು ಕಾಯುವುದೇ ಒಳಿತು. ಬ್ರಿಟನ್ನಿನ ತಳಮಟ್ಟದ ಕ್ರೀಡೆಗೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ 21 ದಿನಕ್ಕೆ ಮೊದಲು ಪಂದ್ಯ ಆಡಬಾರದು ಎನ್ನುತ್ತದೆ.

ಅವಸರವೇಕೆ ಬೇಡ?

ಚೇತರಿಸಿಕೊಳ್ಳುತ್ತಿರುವ ಮೆದುಳಿಗೆ ಇನ್ನೊಂದು ಪೆಟ್ಟು ಬಿದ್ದರೆ, ಅದು ಸಣ್ಣದಾದರೂ ಪರಿಣಾಮ ದೊಡ್ಡದಾಗಬಹುದು. ಅಪರೂಪಕ್ಕೆ ಮೆದುಳು ವೇಗವಾಗಿ ಊದಿಕೊಂಡು ಜೀವಕ್ಕೇ ಕುತ್ತು ಬರುತ್ತದೆ. ಇಂಥ ಪ್ರಕರಣಗಳು ಹೆಚ್ಚಾಗಿ ಕಂಡಿರುವುದು ಹದಿಹರೆಯದವರಲ್ಲಿ. ತಲೆಸುತ್ತು, ನಿಧಾನ ಪ್ರತಿಕ್ರಿಯೆ ಇರುವಾಗ ಆಡಿದರೆ ಮತ್ತೆ ಪೆಟ್ಟು ಬೀಳುವ ಸಾಧ್ಯತೆಯೂ ಜಾಸ್ತಿ. ಆಸ್ಟ್ರೇಲಿಯಾದ ಪ್ರತಿಭಾವಂತ ಬ್ಯಾಟರ್ ವಿಲ್ ಪುಕೋವ್‌ಸ್ಕಿ ಪದೇ ಪದೇ ಕನ್‌ಕಷನ್‌ಗೆ ಒಳಗಾಗಿ 2025ರಲ್ಲಿ, 27ನೇ ವಯಸ್ಸಿಗೇ ಆಟ ಬಿಡಬೇಕಾಯಿತು.

ಮಕ್ಕಳ ವಿಷಯದಲ್ಲಿ

ಮಕ್ಕಳು ಮೊದಲು ಶಾಲೆಗೆ, ನಂತರ ಆಟಕ್ಕೆ ಮರಳಬೇಕು. ಪಾಠದ ಮೇಲೆ ಗಮನವಿಡಲು ಆಗದ ಮಗು ಪಂದ್ಯ ಆಡಲು ಸಿದ್ಧವಾಗಿಲ್ಲ ಎಂದೇ ಅರ್ಥ. ಒಂದೆರಡು ದಿನದ ನಂತರ ಅರ್ಧ ದಿನ ಶಾಲೆ, ನಡುವೆ ವಿರಾಮ, ಕಡಿಮೆ ಹೋಂವರ್ಕ್, ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಿ ಶಿಕ್ಷಕರ ಜೊತೆ ಮಾತನಾಡಿ. ಪುಟ್ಟ ಮಕ್ಕಳಿಗೆ ತಲೆಸುತ್ತು ಎಂದು ಹೇಳಲು ಬಾರದು. ಅತಿಯಾದ ಹಟ, ಊಟ ಬೇಡವೆನ್ನುವುದು, ಇಷ್ಟದ ಆಟಿಕೆಯನ್ನೂ ಮುಟ್ಟದಿರುವುದು ಕಂಡರೆ ವೈದ್ಯರಿಗೆ ತೋರಿಸಿ. ಬೈಗುಳಕ್ಕೆ ಹೆದರಿ ಅಥವಾ ತಂಡದಿಂದ ಕೈಬಿಡುತ್ತಾರೆಂದು ಮಕ್ಕಳು ಪೆಟ್ಟನ್ನು ಮುಚ್ಚಿಡುವುದುಂಟು. ‘ಹೇಳಿದರೆ ಬೈಯುವುದಿಲ್ಲ’ ಎಂದು ಮೊದಲೇ ಭರವಸೆ ಕೊಟ್ಟಿರಬೇಕು.

ತಲೆನೋವು, ನಿದ್ದೆಯ ತೊಂದರೆ, ಮರೆವು, ಸಿಡುಕು ವಯಸ್ಕರಲ್ಲಿ ಎರಡು ವಾರ, ಮಕ್ಕಳಲ್ಲಿ ನಾಲ್ಕು ವಾರ ಕಳೆದರೂ ಹೋಗದಿದ್ದರೆ ನರರೋಗ ತಜ್ಞರನ್ನು ಕಾಣಿ. ನಂತರದ ತೊಂದರೆಗಳಿಗೂ ಚಿಕಿತ್ಸೆ ಇದೆ.

ನೆನಪಿರಲಿ: ಒಂದು ಪಂದ್ಯ ತಪ್ಪಿದರೆ ಮುಂದಿನ ಭಾನುವಾರ ಇನ್ನೊಂದು ಇರುತ್ತದೆ. ತಲೆಗೆ ಪೆಟ್ಟು ಬಿದ್ದ ದಿನ ಆಟ ಬೇಡ, ಮೊದಲ ಎರಡು ದಿನ ಒಬ್ಬರೇ ಇರುವುದು ಬೇಡ.

(ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ತಲೆಗೆ ಪೆಟ್ಟು ಬಿದ್ದಾಗ ವೈದ್ಯರ ಸಲಹೆ ಪಡೆಯುವುದು ಕಡ್ಡಾಯ.)